ಪೂರ್ಣ ಹೆಸರು ಹೇಳ್ರಿ

ನಾಲ್ಕು ಮಂದಿ ಹೆಣ್ಮಕ್ಕಳು ಕೂಡಿ ‘ಇವತ್ತ ನಾವೂ ಒಂದೀಟು ಮಾತಾಡೂಣು’ ಅಂತ ಎದ್ದು ನಿಂತ್ರ ಸಾಕು, ಏನರ ಒಂದು ಆಗೇ ಆಗತೈತಿ. ಇಂಥಾವು ನಾ ಬೇಕಾದಷ್ಟು ನೋಡೀನಿ. ಆದ್ರ ಕನ್ನಡ ನಾಡು ಒಂದಾದ ವರ್ಷ ಗದಗಿನಾಗ ನಾವು ಮಾಡಿದ ಆ ಒಂದು ಸಂಜಿ ನೆನಸಿಕೊಂಡ್ರ ಮೊದಲ ನಗು ಬರತೈತಿ, ಆಮ್ಯಾಲ ಮೈ ಜುಮ್ ಅಂತೈತಿ.

ಆಗ ನಾನು ಬೆಟಗೇರಿಯ ಹೆಣ್ಣು ಹುಡುಗ್ಯಾರ ಶಾಲ್ಯಾಗ ಅಕ್ಕೋರಾಗಿದ್ದೆ. ಊರ ತುಂಬ ದಿನಾ ಭಾಷಣ. ಗಂಡಸರು ಮಾತಾಡಿ ಮಾತಾಡಿ ಗಂಟಲು ಕೆಡಿಸಿಕೊಂಡಿದ್ರು. ನಮ್ಮ ಓಣಿಯ ಭಜನಿ ಮಂಡಳದ ಹೆಣ್ಮಕ್ಕಳು, “ಅಕ್ಕೋರ, ನಾಡು ಬರೇ ಗಂಡಸರಿಗಷ್ಟ ಒಂದಾಗೇತೇನ್ರಿ? ನಮಗೂ ಒಂದು ಸಂಜಿ ಬೇಕು” ಅಂತ ನನಗ ಗಂಟು ಬಿದ್ರು. ಮಾತೂ ನಮ್ಮದ, ಹಾಡೂ ನಮ್ಮದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಎಲ್ಲಾ ಕಡೆ ಖಬರ ಕಳಿಸಿದ್ವಿ.

ಜಾಗಾ ಬೇಕಲ್ಲ? ಹತ್ತರ ಇದ್ದದ್ದು ಒಂದ ಸಭಾಭವನ. ಅದರ ಕೀಲಿಕೈ ಭವನದ ಕಮಿಟಿ ಅಧ್ಯಕ್ಷರ ಕಿಸೆದಾಗ. ಹತ್ತಿ-ಅರಳಿ ವ್ಯಾಪಾರದ ದೊಡ್ಡ ಕುಳ ಅವರು. ಸಿಟ್ಟು ಮೂಗಿನ ತುದಿ ಮ್ಯಾಲ. “ಒಂದು ಸಂಜಿ ಕೊಡ್ತೀನ್ರಿ ಅಕ್ಕೋರ. ಛಂದಾಗಿ ಆತಂದ್ರ ಮುಂದ ತಿಂಗಳಿಗೊಮ್ಮೆ ಕೊಡೂಣು. ಗದ್ದಲ ಆತು ಅಂದ್ರ ಮತ್ತ ಈ ಕಡೆ ಹಾಯಬ್ಯಾಡ್ರಿ. ವೇದಿಕಿ ಮ್ಯಾಲ ನಾನ ಕುಂಡ್ರಾಂವ. ಹೆಂಗಸರ ಸಭಾಕ್ಕ ಒಂದು ಶಿಸ್ತು ಬೇಕು” ಅಂದ್ರು.

ಹೂಂ ಅಂದ್ವಿ. ಏನ್ ಮಾಡೂದು? ಒಲಿ ಬಿಟ್ಟು, ತೊಟ್ಟಿಲ ಬಿಟ್ಟು, ತಿಂಗಳಿಗೊಂದು ಸಂಜಿ ನಮ್ಮಷ್ಟಕ್ಕ ನಾವು ಕುಂತು ಮಾತಾಡಾಕ ನಮಗ ಬ್ಯಾರೆ ಜಾಗಾ ಅನ್ನೂದ ಇರಲಿಲ್ಲ.

ಊರಾಗ ಇಲ್ಲದ ಮಾವ

ಒಳಗ ಹೆಂಗಸರು ಇರುವಿ ಹಂಗ ಕೂಡಿದ್ರು. ಧ್ವನಿವರ್ಧಕದ ಕೊಳವಿ ಮಾತ್ರ ಮಾಳಗಿ ಮ್ಯಾಲ ಚೌಕದ ಕಡೆ ಬಾಯಿ ತಕ್ಕೊಂಡು ಕುಂತಿತ್ತು. ಚೌಕದ ಚಹಾದಂಗಡ್ಯಾಗ ಗಂಡಸರು. “ನಾವೇನ ಕೇಳಾಕ ಬಂದಿಲ್ಲಪಾ, ಚಹಾ ಕುಡಿಯಾಕ ಬಂದೀವಿ” ಅನ್ನಾವ್ರು. ಎದ್ದು ಹೋಗಾವ ಒಬ್ಬನೂ ಇಲ್ಲ.

ಮೊದಲಿನ ಭಾಷಣ ಹುಲಕೋಟಿಯ ಒಬ್ಬ ಸೊಸಿದು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷಾ ಪಾಸಾದ ಶಾಣ್ಯಾ ಹುಡುಗಿ. ಆದ್ರ ಆಗಿನ ಕಾಲದಾಗ ಸೊಸಿ ಧ್ವನಿ ಮಾವನ ಕಿವಿಗೆ ಬೀಳಬಾರದು. ಮೈಕಿನ ಮುಂದ ನಿಂತ್ಲು, ಬಾಯಿ ತಗೀಲಿಲ್ಲ. ನಾ ಹತ್ತರ ಹೋದೆ. ನನ್ನ ಕಿವ್ಯಾಗ ಪಿಸುಗುಟ್ಟಿದ್ಲು: “ಅಕ್ಕೋರ, ಹೊರಗ ನಮ್ಮ ಮಾವನವರು ಕುಂತಾರೇನು ನೋಡ್ರಿ. ಅವರಿದ್ರ ನಾ ಹೆಂಗ ಮಾತಾಡ್ಲಿ?”

ನಮ್ಮಿಬ್ಬರ ನಡುವ ಮೈಕ್ ಇತ್ತು. ಆ ಪಿಸುಮಾತು ಇಡೀ ಚೌಕಕ್ಕ ಕೇಳಿಸ್ತು. ಹೊರಗ ಕಪ್ಪು ಬಸಿಯ ಸಪ್ಪಳ ಸಹಿತ ನಿಂತುಹೋತು. ಆಮ್ಯಾಲ ಅಲ್ಲಿಂದ ಒಂದು ದೊಡ್ಡ ಧ್ವನಿ ಬಂತು: “ಇಲ್ಲಬೇ ಯವ್ವಾ, ನಾ ಇಲ್ಲ! ನಾ ಊರಿಗೆ ಹೋಗಿ ಆಗಲೇ ತಾಸಾತು! ನೀ ಮಾತಾಡು!”

ಮಾತಾಡಿದ್ಲು ನೋಡ್ರಿ! ಓದೂ ಹುಡುಗೀನ ಶಾಲಿ ಬಿಡಿಸಿದ್ರ ಅಕಿ ಮನಸ್ಸಿಗೆ ಏನಾಗತೈತಿ ಅನ್ನೂದು ಹೇಳಿದ್ಲು. ಹತ್ತು ವರ್ಷ ಕಲಿಸಿದಾಕಿ ನಾನು, ದಂಗಾಗಿ ನಿಂತೆ. ಇಷ್ಟು ಮಾತು ಈ ಸೆರಗಿನ ಒಳಗ ಎಲ್ಲಿತ್ತಪಾ ಅನ್ನಿಸ್ತು. ಸಭಾ ಮುಗದ ಮ್ಯಾಲ ಹೊರಗ ನಿಂತಿದ್ದ ಮಾವನವರನ್ನ “ಹೆಂಗಾತ್ರಿ ಸೊಸಿ ಭಾಷಣ?” ಅಂತ ಕೇಳಿದೆ. ಪಟಕಾದ ಚುಂಗಿನಿಂದ ಕಣ್ಣು ಒರಸಿಕೊಂಡು, “ನನಗೇನ ಗೊತ್ರಿ? ನಾ ಊರಿಗೆ ಹೋಗಿದ್ದೆ” ಅಂದ್ರು.

ಗಂಟಿ ಮತ್ತು ಪೂಜಿ

ಎರಡನೇದ್ದು ಲಕ್ಕುಂಡಿ ಅಜ್ಜಿಯ ಬೀಸೂ ಪದ. ಅಜ್ಜಿ ವೇದಿಕಿ ಹತ್ತಿ ಸುತ್ತೂ ಕಡೆ ನೋಡಿ, “ಕಲ್ಲು ಎಲ್ಲೈತಿ?” ಅಂದ್ಲು.

“ಯಾವ ಕಲ್ಲು ಅಜ್ಜಿ?”

“ಬೀಸೂ ಕಲ್ಲಬೇ. ಗೂಟ ಹಿಡೀದ ಪದ ಹೆಂಗ ಬರತೈತಿ?”

ಜನ್ಮದಾಗ ಆಕಿ ಬರೇ ಕೈಲೆ ಹಾಡಿದಾಕಿ ಅಲ್ಲ. ಬಾಜೂ ಮನಿಯಿಂದ ನಾಲ್ಕು ಮಂದಿ ಕಲ್ಲು ಹೊತ್ತು ತಂದ್ವಿ. ಖಾಲಿ ಕಲ್ಲು ತಿರುವಬಾರದಂತ. ಒಂದು ಬುಟ್ಟಿ ಜ್ವಾಳ ತಂದ್ವಿ. ಅಧ್ಯಕ್ಷರು ಹುಬ್ಬು ಗಂಟು ಹಾಕಿ ಧೋತರ ಸರಿಸಿಕೊಂಡು ಕುಂತ್ರು.

ಕಲ್ಲು ತಿರುಗಿತು, ಪದ ಸುರು ಆತು. ಏನಂತ ಹೇಳ್ಲಿ! ಸಣ್ಣಾಕಿದ್ದಾಗ ತೀರಿಕೊಂಡ ತಂಗಿ, ಕರಿಯಾಕ ಬರದ ಅಣ್ಣ, ಬೆಳಗಿನ ಚಳಿ, ಎಲ್ಲಾ ಆ ಹಿಟ್ಟಿನ ಕೂಡ ಉದುರಿ ಬಿದ್ದಂಗಾತು. ಅಷ್ಟು ಹೆಂಗಸರೊಳಗ ಒಂದು ಕೂಸು ಸಹಿತ ಅಳಲಿಲ್ಲ. ಓದು ಬರಹ ಇಲ್ಲದ ಆ ಬಾಯಿಗೆ ಮನಸ್ಸಿನಾಗ ಕೈ ಮುಗದೆ.

ವ್ಯಾಳ್ಯಾ ಮೀರಿತು. ಅಧ್ಯಕ್ಷರು ಮೇಜಿನ ಮ್ಯಾಲಿನ ಹಿತ್ತಾಳಿ ಗಂಟಿ ಬಾರಿಸಿದ್ರು. ಅಜ್ಜಿ ತಲಿ ಎತ್ತಲಿಲ್ಲ. ಮತ್ತ ಬಾರಿಸಿದ್ರು. ಮೂರನೇ ಸಲಕ್ಕ ಅಜ್ಜಿ ಕಲ್ಲು ನಿಂದರಿಸದ ಹೊಳ್ಳಿ ನೋಡಿ, “ಪೂಜಿ ಆಮ್ಯಾಲ ಮಾಡೀಯಂತ ತಡಿ ಯಪ್ಪಾ. ಇನ್ನ ಅರ್ಧ ಬುಟ್ಟಿ ಜ್ವಾಳ ಐತಿ” ಅಂದ್ಲು.

ಹೆಸರಿನ ಫಜೀತಿ

ಅಧ್ಯಕ್ಷರ ಸಿಟ್ಟು ನೆತ್ತಿಗೇರಿತು. “ಶಿಸ್ತು ಅನ್ನೂದ ಇಲ್ಲ! ಇನ್ನ ಮುಂದ ಮಾತಾಡಾಕ ಬಂದಾವ್ರು ಮೊದಲ ಪೂರ್ಣ ಹೆಸರು ಹೇಳಬೇಕು. ಆಮ್ಯಾಲ ಭಾಷಣ” ಅಂತ ಅಪ್ಪಣಿ ಮಾಡಿದ್ರು.

ಪಾಪ, ವಿಚಾರ ಮಾಡದ ಹೇಳಿದ್ರು. ನಮ್ಮ ಕಡೆ ಪೂರ್ಣ ಹೆಸರಂದ್ರ ತನ್ನದು, ಗಂಡಂದು, ಮನೆತನದ್ದು, ಮೂರೂ ಬೇಕು. ಗಂಡನ ಹೆಸರು ಬಾಯಲೆ ಹೇಳೂ ಹಂಗಿಲ್ಲ. ಹೇಳಬೇಕಂದ್ರ ಒಡಪು ಅಂತ ಎರಡು ಸಾಲಿನ ಪದ ಕಟ್ಟಿ ಅದರೊಳಗ ಇಟ್ಟು ಹೇಳಬೇಕು.

ಶಿರಹಟ್ಟಿಯಾಕಿ ‘ಸ್ವಚ್ಛತಾ’ ಅನ್ನೂ ವಿಷಯದ ಮ್ಯಾಲ ಮಾತಾಡಾಕ ಬಂದಿದ್ಲು. ಹೆಸರಿಗೆ ಬಂದು ನಿಂತ್ಲು, ನಾಚಿದ್ಲು, ಸುರು ಮಾಡಿದ್ಲು:

“ಗುಡ್ಡದ ಮ್ಯಾಲಿನ ಗಾಳಿ ತಂಪು, ಗಡಗಿ ಒಳಗಿನ ಮಜ್ಜಿಗಿ ತಂಪು,
ಈರಪ್ಪನವರು ಮನಿಗೆ ಬಂದ್ರ ನನ್ನ ಜೀವಕ್ಕ ತಂಪು.”

ಭವನ ಹಾರಿಹೋಗೂ ಹಂಗ ಚಪ್ಪಾಳಿ! ಆಮ್ಯಾಲ ಬಂದ ಮುಂಡರಗಿಯ ಹಿರಿಯಾಕಿ ಬಿಟ್ಟಾಳೇನು?

“ಎಣ್ಣಿಗಾಯಿ ಪಲ್ಯಕ್ಕ ಗುರೆಳ್ಳ ಪುಡಿ ಹಾಕೀನಿ,
ಮಲ್ಲಪ್ಪನವರ ಸಿಟ್ಟಿಗೆ ಮೂವತ್ತು ವರ್ಷ ನೀರು ಹಾಕೀನಿ.”

ಹೊರಗ ಚೌಕದಾಗ ಯಾರೋ “ಲೇ ಮಲ್ಲಪ್ಪಾ, ಎಲ್ಲಿ ಹೊಂಟ್ಯೋ?” ಅಂತ ಕೂಗಿದ್ದು ಕೇಳಿಸ್ತು. ಮುಂದ ಸರತಿ ಹತ್ತಿಬಿಡ್ತು. ಭಾಷಣ ಇಲ್ಲದಾವ್ರೂ ವೇದಿಕಿ ಹತ್ತಿದ್ರು. ಲಕ್ಷ್ಮೇಶ್ವರದಾಕಿ ಒಡಪು ಹೇಳಿ ಇಳಿದು ಹೊಂಟ್ಲು. “ಭಾಷಣ ಎಲ್ಲೆವ್ವಾ?” ಅಂತ ಅಧ್ಯಕ್ಷರು ಚೀರಿದ್ರು. ಆಕಿ ಹೊಳ್ಳಿ ನಿಂತು, “ಆತಲ್ರಿ! ಇನ್ನೇನ ಉಳೀತು?” ಅಂದ್ಲು.

ಆಭಾರ

ಕಡೀಕ ಅಧ್ಯಕ್ಷರು ಎದ್ದು ನಿಂತ್ರು. ಮಾರಿ ಕೆಂಪಗಾಗಿತ್ತು. “ಮುಂದಿಂದು ವಿಚಾರ ಮಾಡಿ ಹೇಳ್ತೀನಿ” ಅಂದ್ರು. ಅವರು ವಿಚಾರ ಮಾಡ್ತೀನಿ ಅಂದ್ರ ಆತು, ಮುಗೀತು ಅಂತನ ಲೆಕ್ಕ. ಹೆಣ್ಮಕ್ಕಳ ನಗು ಆರಿಹೋತು. ಇನ್ನ ತಿರುಗಿ ಒಲಿ ಮುಂದನ ನಮ್ಮ ಭಾಷಣ ಅಂತ ನನ್ನ ಕಣ್ಣಾಗ ನೀರು ಬಂತು. ಆಭಾರ ಮನ್ನಿಸೂದು, ಅಂದ್ರ ಕಡೀಕ ಎಲ್ಲಾರಿಗೂ ವಂದನಿ ಹೇಳೂದು, ನನ್ನ ಕೆಲಸ. ಕಣ್ಣು ಒರಸಿಕೊಂತ ಮೈಕಿನ ಕಡೆ ಹೊಂಟೆ.

ಅಷ್ಟರಾಗ ಮುಂದಿನ ಸಾಲಿನಾಗ ಕುಂತಿದ್ದ ಒಬ್ಬ ಹಿರಿಯಾಕಿ ಎದ್ದು, “ಆಭಾರ ನಾ ಹೇಳ್ತೀನಿ” ಅಂತ ಮೆಲ್ಲಕ ಮೆಟ್ಟಲಾ ಹತ್ತಿದ್ರು. ತಲಿ ತುಂಬ ಸೆರಗು. ಆಕಿ ಯಾರು ಅನ್ನೂದು ನೋಡದನ, ರೂಢಿ ಬಿದ್ದಿತ್ತಲ್ಲ, ಅಧ್ಯಕ್ಷರು “ಮೊದಲ ಪೂರ್ಣ ಹೆಸರು ಹೇಳ್ರಿ” ಅಂದುಬಿಟ್ರು. ಅಂದ ಮ್ಯಾಲ ನೋಡಿದ್ರು. ಅವರ ಹೆಂಡ್ತಿ!

ಆ ಅವ್ವಾರು ನಾಲ್ಕು ಮಂದಿ ಮುಂದ ಮಾತಾಡಿದ್ದು ಊರಾಗ ಒಬ್ಬರೂ ಕೇಳಿದ್ದಿಲ್ಲ. ಮೈಕಿಗೆ ಬಾಯಿ ಹಚ್ಚಿ, ಒಂದು ಅಕ್ಷರ ತಡವರಸದ ಹೇಳಿದ್ರು:

“ಹೊಸ್ತಿಲಕ್ಕ ದಿನಾ ಹಾಕೀನಿ ಎಳಿ ಎಳಿ ರಂಗೋಲಿ,
ಶಿವಲಿಂಗಪ್ಪನವರು ತಿಂಗಳಿಗೊಮ್ಮೆ ತಗೀತಾರ ಈ ಭವನದ ಕೀಲಿ.”

ನನಗಂತೂ ಎದಿ ತುಂಬಿ ಬಂತು. ಇಷ್ಟು ದಿನ ಸುಮ್ಮನ ಇದ್ದ ಜೀವ ಎರಡು ಸಾಲಿನಾಗ ನಮ್ಮೆಲ್ಲಾರ ಕೆಲಸ ಮಾಡಿಬಿಡ್ತಲ್ಲ! ಒಡಪಿನಾಗ ಹೆಂಡ್ತಿ ಊರ ಮುಂದ ಹೇಳಿದ ಮಾತು ಗಂಡ ಹೆಂಗ ಸುಳ್ಳು ಮಾಡಿಯಾನು? ಆಮ್ಯಾಲ ಎದ್ದ ಚಪ್ಪಾಳಿಗೆ ಚೌಕದ ಗಂಡಸರೂ ಕೂಡಿದ್ರು.

ಅಷ್ಟಕ್ಕ ಬಿಟ್ರೇನು ನಮ್ಮ ಹೆಣ್ಮಕ್ಕಳು? “ಈಗ ನಿಮ್ಮ ಪಾಳಿರೀ! ಅವ್ವಾರ ಹೆಸರು ಹಾಕಿ ಒಂದು ಒಡಪು ಹೇಳ್ರಿ!” ಅಂತ ಒಂದ ಗದ್ದಲ. ಅಧ್ಯಕ್ಷರು ಮೈಕಿಗೆ ಬಂದ್ರು, ಕೆಮ್ಮಿದ್ರು, ಟೊಪಗಿ ತಗದ್ರು, ಹಾಕ್ಕೊಂಡ್ರು. ಹೆಂಡ್ತಿ ಮಾರಿ ನೋಡಿ ಮದುವಿ ಗಂಡಿಗಿಂತ ಹೆಚ್ಚು ನಾಚಿದ್ರು. ಕಡೀಕ ಕಿಸೆಕ್ಕ ಕೈ ಹಾಕಿ ಇಡೀ ಕೀಲಿ ಗೊಂಚಲ ನನ್ನ ಕೈಯಾಗ ಇಟ್ರು:

“ಅಕ್ಕೋರ, ಮುಂಚಿ ಬಾಗಲದ್ದೂ ತಗೋರಿ, ಹಿತ್ತಲ ಬಾಗಲದ್ದೂ ತಗೋರಿ. ತಿಂಗಳಿಗೊಮ್ಮೆ ಯಾಕ, ವಾರಕ್ಕೊಮ್ಮೆ ಬರ್ರಿ. ಅದೊಂದು ಮಾತ್ರ ನನ್ನ ಕಡೆ ಹೇಳಸಬ್ಯಾಡ್ರಿ!”