ಐವತ್ತು ಸೆಕೆಂಡಿನ ಸಿಪಾಯಿ

"ಒಂದು ತಿಂಗಳು ಟೈಮ್ ಕೊಡಿ ಸಾರ್. ಒಂದೊಂದು ಸಿಪಾಯಿ ಮೇಲೂ ಮೂರು ರೂಪಾಯಿ ಉಳಿಸಿ ತೋರಿಸದಿದ್ರೆ ನನ್ನ ಕ್ಯಾಲ್ಕುಲೇಟರ್ ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ" ಎಂದು ನಾನು ನಮ್ಮ ಮಾಲೀಕರ ಮೇಜು ಗುದ್ದಿ ಹೇಳಿದೆ. ಗುದ್ದಿದ ರಭಸಕ್ಕೆ ಅವರ ಚಹಾ ಅರ್ಧ ಚೆಲ್ಲಿತು. ಅದನ್ನು ಒರೆಸುವಷ್ಟರಲ್ಲಿ ನನ್ನ ತಲೆ ಚೆಲ್ಲಿದ ಚಹಾದ ಬೆಲೆಯನ್ನೂ ಲೆಕ್ಕ ಹಾಕಿ ಮುಗಿಸಿತ್ತು. ಅಂಥಾ ತಲೆ ನನ್ನದು!

ನಮ್ಮದು ತವರದ ಸಿಪಾಯಿಗಳನ್ನು ತಯಾರಿಸುವ ಕಾರ್ಖಾನೆ. ಆಟದ ಸಿಪಾಯಿ ಎಂದು ಹೆಸರೇ ಹೊರತು ಇವು ಮಕ್ಕಳ ಕೈಗೆ ಸಿಗುವುದಿಲ್ಲ. ತಲೆ ನೆರೆತ ಗಂಡಸರು ಇವನ್ನು ಕೊಂಡು, ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಮನೆಯವರು ಧೂಳು ಒರೆಸಲು ಬಂದರೆ ಗುರ್ ಎನ್ನುತ್ತಾರೆ. ಎರಡು ವರ್ಷದ ಹಿಂದೆ ನಾನೂರು ರೂಪಾಯಿಗೆ ಸಿಗುತ್ತಿದ್ದ ಎರಡಂಗುಲದ ಸಿಪಾಯಿ ಈಗ ಆರುನೂರ ಐವತ್ತಕ್ಕೆ ಏರಿ ಕೂತಿದ್ದಾನೆ. ತವರ ತುಟ್ಟಿಯಾಯಿತು, ಬಣ್ಣ ತುಟ್ಟಿಯಾಯಿತು, ಹಳೆಯ ಅಚ್ಚುಗಳು ಸವೆದು ಹೊಸವು ಬೇಕಾದವು, ಸಿಪಾಯಿಯನ್ನು ಮಲಗಿಸುವ ಪೆಟ್ಟಿಗೆಯ ಬೆಲೆಗೂ ರೆಕ್ಕೆ ಬಂತು. ಇನ್ನು ಒಂದು ರೂಪಾಯಿ ಏರಿಸಿದರೂ ಆರ್ಡರ್ ನಿಲ್ಲಿಸುತ್ತೇವೆ ಎಂದು ಅಂಗಡಿಯವರು ಹೇಳಿಬಿಟ್ಟಿದ್ದರು.

ಈ ಸಂಕಟದಲ್ಲಿ ಕಾರ್ಖಾನೆಯನ್ನು ಕಾಯುವ ಹೊಣೆ ನನ್ನ ಹೆಗಲಿಗೆ ಬಂತು. ನಾನು ಉತ್ಪಾದನಾ ವೆಚ್ಚದ ಗುಮಾಸ್ತ. ಅಲ್ಲಿ ನನಗೆ 'ಅರ್ಧ ಪೈಸೆ' ಎಂದು ಹೆಸರು. ಬಹಳ ದಿನ ಅದನ್ನು ಬಿರುದು ಎಂದೇ ತಿಳಿದಿದ್ದೆ. ಪ್ಯಾಕಿಂಗ್‌ಗೆ ಮುಂಚೆ ಸಿಪಾಯಿಗಳ ಮುಖ ನೋಡಿ ಪಾಸು ಮಾಡುವ ತಪಾಸಣೆಯೊಂದಿತ್ತು. ಹೋದ ತಿಂಗಳು ಅದನ್ನು ರದ್ದು ಮಾಡಿಸಿ ಸಿಪಾಯಿಗೆ ನಲವತ್ತು ಪೈಸೆ ಉಳಿಸಿದ ವೀರನೂ ನಾನೇ. ಈ ನಲವತ್ತು ಪೈಸೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊದಲು ತವರದ ವ್ಯಾಪಾರಿಗೆ ಫೋನ್ ಮಾಡಿದೆ. ಬೆಲೆ ಇಳಿಸಿ ಎಂದಾಗ ಅವರು ನನ್ನ ಮನೆಯವರ ಆರೋಗ್ಯ ವಿಚಾರಿಸಿ ಫೋನ್ ಇಟ್ಟರು. ಅಚ್ಚು ಮಾಡುವವನು ಆರೋಗ್ಯವನ್ನೂ ವಿಚಾರಿಸಲಿಲ್ಲ. ಪೆಟ್ಟಿಗೆಯವನು ನಕ್ಕ. ವೆಚ್ಚದ ಹಾಳೆಯಲ್ಲಿ ಉಳಿದಿದ್ದು ಒಂದೇ ಸಾಲು: 'ಮುಖ ಬರೆಯುವ ಕೂಲಿ, ಎಂಟು ರೂಪಾಯಿ.' ಎಂಟನ್ನು ಹೊಡೆದು ಐದು ಎಂದು ಬರೆದು, ಪಕ್ಕದಲ್ಲಿ 'ಒಂದು ಮುಖಕ್ಕೆ ಐವತ್ತು ಸೆಕೆಂಡು' ಎಂದು ಕಾರಣವನ್ನೂ ಸೇರಿಸಿದೆ. ಮೂರು ರೂಪಾಯಿ ಉಳಿಯಿತು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಹಾಳೆಯನ್ನು ಚೀಲದಲ್ಲಿಟ್ಟು ಮನೆಗೆ ಹೊರಟೆ.

ಮನೆಯ ಮೆಟ್ಟಿಲು ಹತ್ತುವಾಗ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಆಗ ನನಗೆ ನೆನಪಾಯಿತು. ಕಾರ್ಖಾನೆಯ ಸಿಪಾಯಿಗಳಿಗೆ ಮುಖ ಬರೆಯುವವರು ಎಂಟು ಹೆಂಗಸರು, ಎಲ್ಲರೂ ಅವರವರ ಮನೆಯಲ್ಲೇ ಕೂತು ಬರೆಯುತ್ತಾರೆ. ಆ ಎಂಟು ಜನರಲ್ಲಿ ಮುಖ್ಯಸ್ಥೆ, ಕಾರ್ಖಾನೆಯಲ್ಲೆಲ್ಲ 'ಮೀಸೆ ಮೇಡಂ' ಎಂದು ಹೆಸರಾದವಳು, ನನ್ನ ಸ್ವಂತ ಹೆಂಡತಿ. ಅಂಕಿ ಕಂಡ ಕೂಡಲೇ ನನಗೆ ಹೆಂಡತಿ ಮರೆತುಹೋಗುತ್ತಾಳೆ ಎಂಬುದು ಅವಳ ಹಳೆಯ ದೂರು. ಅಂದು ಅದಕ್ಕೆ ಲಿಖಿತ ಸಾಕ್ಷಿ ಸಿಕ್ಕಿತು.

ಊಟದ ಡಬ್ಬಿ ತೊಳೆಯಲು ಚೀಲ ತೆರೆದವಳು ಹಾಳೆಯನ್ನು ಓದಿದಳು. ಎರಡು ಸಲ ಓದಿದಳು.

"ಒಂದು ಮುಖಕ್ಕೆ ಐವತ್ತು ಸೆಕೆಂಡು ಅಂತ ಬರೆದಿದ್ದೀರಿ. ಯಾರು ಬರೆಯೋದನ್ನ ನೋಡಿ ಬರೆದ್ರಿ?"

"ನೋಡೋದೇನು ಬಂತು, ಲೆಕ್ಕ ಹಾಕಿದೆ. ಎರಡು ಕಣ್ಣು, ಎರಡು ಹುಬ್ಬು, ಒಂದು ಮೀಸೆ, ಒಂದು ಬಾಯಿ. ಒಟ್ಟು ಆರು ಗೆರೆ. ಗೆರೆಗೆ ಎಂಟು ಸೆಕೆಂಡು ಅಂದ್ರೆ ನಲವತ್ತೆಂಟು."

"ಇನ್ನೆರಡು?"

"ಉಸಿರಾಡೋಕೆ."

"ಅದಕ್ಕೂ ಕೊಟ್ಟಿದ್ದೀರಲ್ಲ, ದೊಡ್ಡ ಮನಸ್ಸು ನಿಮ್ಮದು" ಎಂದಳು. ಆಮೇಲೆ ದನಿ ತಗ್ಗಿಸಿದಳು. "ರೀ, ನಾನು ತಮಾಷೆ ಮಾಡ್ತಿಲ್ಲ. ಈ ಮೂರು ರೂಪಾಯೀಲಿ ನಮ್ಮ ಎದುರು ಮನೆಯವಳ ಬಾಡಿಗೆ ಇದೆ. ಇನ್ನೊಬ್ಬಳ ಅಮ್ಮನ ಔಷಧಿ ಇದೆ. ಅವರಿಗೆಲ್ಲ ನಾನೇನು ಹೇಳಲಿ, ನನ್ನ ಗಂಡನೇ ಹೊಡೆದು ಹಾಕಿದ ಅಂತಲಾ?"

ನನಗೆ ನಾಚಿಕೆಯಾಯಿತು. ಆದರೆ ಮೇಜು ಗುದ್ದಿ ಬಂದಿದ್ದೆನಲ್ಲ! ನಾಚಿಕೆಯನ್ನು ನುಂಗಿ ಹೇಳಿದೆ: "ಐವತ್ತು ಸೆಕೆಂಡು ಸಾಕು. ಮನಸ್ಸು ಬೇಕು, ಅಷ್ಟೇ."

"ಹಾಗಾದ್ರೆ ಭಾನುವಾರ ನೀವೇ ಬರೀರಿ. ನನ್ನ ಪಾಲಿನ ನೂರ ನಲವತ್ತನಾಲ್ಕು ಸಿಪಾಯಿ ಇದ್ದಾರೆ. ನಿಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡು ಗಂಟೆ. ಮುಗಿಸಿದ್ರೆ ನಾವು ಎಂಟೂ ಜನ ಐದಕ್ಕೆ ಒಪ್ಕೋತೀವಿ. ಮುಗಿಸದಿದ್ರೆ ನೀವೇ ಮಾಲೀಕರ ಹತ್ರ ಹೋಗಿ ಎಂಟನ್ನ ಹತ್ತು ಮಾಡಿಸ್ಬೇಕು."

ನಾನು ಒಪ್ಪಿದೆ. ಎರಡು ಗಂಟೆಯ ಕೆಲಸ ಮುಗಿಸಿ ಒಂದು ನಿದ್ದೆ ತೆಗೆಯಬಹುದು ಎಂದೂ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಊಟದ ಮೇಜಿನ ಮೇಲೆ ನೂರ ನಲವತ್ತನಾಲ್ಕು ಮುಖವಿಲ್ಲದ ಸಿಪಾಯಿಗಳು ನನ್ನೆದುರು ನಿಂತರು. ಹೊತ್ತು ನೋಡಲು ನಮ್ಮ ಅತ್ತೆಯವರು ಗೋಡೆ ಗಡಿಯಾರವನ್ನೇ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತರು. ಅಳಿಯ ಸೋಲುವುದನ್ನು ಕಣ್ಣಾರೆ ನೋಡಬೇಕೆಂದು ಟೀವಿ ಧಾರಾವಾಹಿಯನ್ನೇ ಬಿಟ್ಟ ತ್ಯಾಗಮಯಿ!

ಮೊದಲ ಸಿಪಾಯಿಯನ್ನು ಹಿಡಿದೆ. ಅವನ ತಲೆ ಬಟಾಣಿ ಕಾಳಿನಷ್ಟು. ಕಣ್ಣಿನ ಚುಕ್ಕೆ ಇಟ್ಟರೆ ಅದು ಇಡೀ ಕೆನ್ನೆಗೆ ಹರಡಿತು. ಒರೆಸಿದೆ. ಮತ್ತೆ ಇಟ್ಟೆ. ಮೀಸೆಯ ಎಡಗಡೆ ಉದ್ದವಾಯಿತು, ಸರಿದೂಗಿಸಲು ಬಲಗಡೆ ಎಳೆದೆ, ಅದು ಇನ್ನೂ ಉದ್ದವಾಯಿತು. ಹೀಗೆ ಎರಡೂ ಕಡೆ ನ್ಯಾಯ ಒದಗಿಸುತ್ತಾ ಹೋಗಿ ಮೀಸೆ ಕಿವಿ ದಾಟಿ ಹಿಂದುಗಡೆ ಕೂಡಿಕೊಂಡಿತು.

"ಹನ್ನೊಂದು ನಿಮಿಷ ಆಯ್ತು ಅಳಿಯಂದ್ರೇ" ಎಂದರು ಅತ್ತೆ. "ಐವತ್ತು ಸೆಕೆಂಡು ಇನ್ನೂ ಆಗಿಲ್ವಾ?"

ಸೋಲೊಪ್ಪುವ ಗಂಡೇ ನಾನು? ಕಾರ್ಖಾನೆಯ ತಂತ್ರವನ್ನೇ ಹೂಡಿದೆ. ಒಂದೊಂದು ಮುಖ ಮುಗಿಸುವ ಬದಲು ಮೊದಲು ಎಲ್ಲರಿಗೂ ಮೀಸೆ, ಆಮೇಲೆ ಎಲ್ಲರಿಗೂ ಬಾಯಿ, ಹುಬ್ಬು, ಆಮೇಲೆ ಎಲ್ಲರಿಗೂ ಬಲಗಣ್ಣು. ಕೈ ಪಳಗಿತು, ಚುಕ್ಕೆಗಳು ಚುಕ್ಕೆಗಳ ಹಾಗೇ ಬಿದ್ದವು. ಬಲಗಣ್ಣು ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಪಂದ್ಯ ಯಾವಾಗಲೋ ಸೋತಿದ್ದೆ, ಆದರೆ ಆ ಉತ್ಸಾಹದಲ್ಲಿ ಯಾರಿಗೆ ಬೇಕು ಗಡಿಯಾರ! ಕನ್ನಡಕವನ್ನು ಮೇಲೆ ತಳ್ಳಿಕೊಂಡೆ. ಬೆರಳಿನ ಕಪ್ಪು ಬಣ್ಣವೆಲ್ಲ ಗಾಜಿಗೆ ಮೆತ್ತಿತು.

"ನನ್ನದು ಹಾಕ್ಕೊಳ್ಳಿ" ಎಂದು ಅತ್ತೆ ತಮ್ಮ ಕನ್ನಡಕ ತೆಗೆದುಕೊಟ್ಟರು.

ಆಹಾ, ಅದೇನು ಕನ್ನಡಕ! ಬಟಾಣಿಯಂತಿದ್ದ ತಲೆಗಳು ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಂಡವು. ನೂರ ನಲವತ್ತನಾಲ್ಕು ಎಡಗಣ್ಣುಗಳನ್ನು ಪಟಪಟನೆ ಇಟ್ಟು ಐದು ಗಂಟೆಗೆ ಕುಂಚ ಕೆಳಗಿಟ್ಟೆ.

ಹೆಂಡತಿ ಬಂದು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ನನ್ನ ಕನ್ನಡಕವನ್ನು ಥಿನ್ನರ್‌ನಿಂದ ಒರೆಸಿ ಹಾಕಿಕೊಂಡು ನೋಡಿದೆ. ನೂರ ನಲವತ್ತನಾಲ್ಕು ಸಿಪಾಯಿಗಳ ಎಡಗಣ್ಣೂ ಜಾರಿ ಮೂಗಿನ ಬುಡಕ್ಕೆ ಬಂದಿತ್ತು. ಒಬ್ಬನದಾದರೂ ತಪ್ಪಿ ಸರಿಯಾಗಿರಬೇಕಲ್ಲ? ಇಲ್ಲ. ಇಡೀ ಸೈನ್ಯ ಶತ್ರುವನ್ನು ಬಿಟ್ಟು ತನ್ನ ಮೂಗನ್ನೇ ನೋಡುತ್ತಿತ್ತು!

"ಮಾಲೀಕರಿಗೆ ಹೇಳಬೇಡ" ಎಂದು ಹೆಂಡತಿಯನ್ನು ಬೇಡಿಕೊಂಡೆ. "ಹತ್ತು ಮಾಡಿಸ್ತೀನಿ. ಒಂದೆರಡು ದಿನ ತಡಿ, ಅವರ ಮೂಡ್ ನೋಡಿ ಹೇಳ್ತೀನಿ." ಬೆಳಿಗ್ಗೆ ಎಲ್ಲ ಒರೆಸಿ ತಾನೇ ಬರೆದುಕೊಡುವುದಾಗಿ ಅವಳು ಒಪ್ಪಿದಳು. ಬಣ್ಣದ ವಾಸನೆಗೆ ಅತ್ತೆಯವರಿಗೆ ತಲೆನೋವೆಂದು ಸಿಪಾಯಿಗಳನ್ನು ನಿಲ್ಲಿಸಿದ ತಟ್ಟೆಗಳನ್ನು ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟೆವು.

ಸೋಮವಾರ ಏಳು ಗಂಟೆಗೆ ನಾನು ಹಲ್ಲುಜ್ಜುತ್ತಿದ್ದೆ. ಹೆಂಡತಿ ತರಕಾರಿಗೆ ಹೋಗಿದ್ದಳು. ಹೊರಗಿನಿಂದ ಕಾರ್ಖಾನೆಯ ವ್ಯಾನಿನ ಡ್ರೈವರ್ ಕೂಗಿದ: "ಸಾರ್, ತಟ್ಟೆ ರೆಡಿ ಇದೆ, ತಗೊಂಡು ಹೋಗ್ತೀನಿ." ಬೇಡ ಬೇಡ ಎಂದು ನಾನು ಅರಚಿದೆ. ಬಾಯಿ ತುಂಬ ನೊರೆ ಇದ್ದುದರಿಂದ ಅದು ಬು ಬು ಎಂದು ಹೊರಬಂತು. ಅವನು ಅದನ್ನು ಒಪ್ಪಿಗೆ ಎಂದು ತಿಳಿದ. ಟವೆಲ್ ಸುತ್ತಿಕೊಂಡು ಬೀದಿಗೆ ಓಡಿದರೆ ವ್ಯಾನು ತಿರುವಿನಲ್ಲಿ ಮಾಯ!

ಒಂಬತ್ತೂವರೆಗೆ ಏದುಸಿರು ಬಿಡುತ್ತಾ ಪ್ಯಾಕಿಂಗ್ ವಿಭಾಗಕ್ಕೆ ನುಗ್ಗಿದೆ.

"ನಮ್ಮ ಮನೆಯಿಂದ ಬಂದ ತಟ್ಟೆಗಳೆಲ್ಲಿ?"

"ಪೆಟ್ಟಿಗೆಗೆ ಹಾಕಿ ಸೀಲ್ ಮಾಡಿ ಕಳಿಸಿ ಆಯ್ತಲ್ಲ ಸಾರ್" ಎಂದ ಪ್ಯಾಕಿಂಗ್‌ನವನು.

"ಮುಖ ನೋಡ್ಲಿಲ್ವೇನಯ್ಯಾ?"

"ನೋಡೋದನ್ನ ನೀವೇ ತೆಗೆಸಿದ್ರಲ್ಲ ಸಾರ್. ನಲವತ್ತು ಪೈಸೆ."

ಮೂರು ವಾರ ನಾನು ಅನುಭವಿಸಿದ್ದನ್ನು ಶತ್ರುವಿಗೂ ಬಯಸಲಾರೆ. ಫೋನ್ ಬಡಿದರೆ ಬೆಚ್ಚುತ್ತಿದ್ದೆ. ಕೂಲಿಯನ್ನು ಹತ್ತು ಮಾಡಿಸುವುದಿರಲಿ, ಮಾಲೀಕರ ಕೋಣೆಯ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಮೆಟ್ಟಿಲಿನಿಂದ ಓಡಾಡಿದೆ. ನಾಲ್ಕನೆಯ ವಾರ ಕರೆ ಬಂತು. ಮಾಲೀಕರ ಮೇಜಿನ ಮೇಲೆ ನನ್ನ ಸಿಪಾಯಿಯೊಬ್ಬ ತನ್ನ ಮೂಗು ನೋಡುತ್ತಾ ನಿಂತಿದ್ದ.

"ಬಾಗಿಲು ಹಾಕು" ಎಂದರು ಮಾಲೀಕರು. "ಇದನ್ನ ಬರೆದೋರು ಯಾರು?"

ಅವರ ಮುಖದಲ್ಲಿ ನಗುವಿರಲಿಲ್ಲ. ನನ್ನ ಕೆಲಸ, ಸಂಬಳ, ನಿವೃತ್ತಿಗೆ ಉಳಿದ ಆರು ವರ್ಷ, ಎಲ್ಲ ಕಣ್ಣ ಮುಂದೆ ಹಾದುಹೋದವು. ನಾಲಿಗೆ ತಾನಾಗಿಯೇ ಹೊರಳಿತು.

"ನನ್ನ ಹೆಂಡತಿ ಸಾರ್."

ಮಾಲೀಕರು ಎದ್ದು ನಿಂತು ನನ್ನ ಕೈ ಹಿಡಿದು ಕುಲುಕಿದರು. "ಮೀಸೆ ಮೇಡಂ ಅಂದ್ರೆ ಮೀಸೆ ಮೇಡಂ ಕಣಯ್ಯಾ. ಕೊಳ್ಳೋರು ಇದಕ್ಕೆ ಹುಚ್ಚು ಹಿಡಿದವರ ಥರ ಮುಗಿಬೀಳ್ತಿದ್ದಾರೆ. ಒಬ್ಬ ಆರುನೂರ ಐವತ್ತಕ್ಕೆ ಕೊಂಡದ್ದನ್ನ ಇನ್ನೊಬ್ಬನಿಗೆ ಒಂಬತ್ತು ಸಾವಿರಕ್ಕೆ ಮಾರಿದನಂತೆ. ಇಡೀ ಸಾಲಿಗೆ ಸಾಲೇ ಹಿಂಗೆ ಒಂದೇ ಥರ ತಪ್ಪಿರೋದು ಇದುವರೆಗೆ ಯಾರೂ ನೋಡಿಲ್ವಂತೆ. ಇನ್ನೂ ಎರಡು ಸಾವಿರ ಬೇಕು ಅಂತ ಆರ್ಡರ್ ಬಂದಿದೆ. ನಾಳೆ ಮೇಡಂನ ಕರ್ಕೊಂಡು ಬಾ."

ನಿಜ ಹೇಳೋಣವೆಂದರೆ ಮಾತು ಆಗಲೇ ಕೈಮೀರಿತ್ತು.

ಮರುದಿನ ಹೆಂಡತಿ ಕಾರ್ಖಾನೆಗೆ ಬಂದು ಹತ್ತೇ ನಿಮಿಷದಲ್ಲಿ ವ್ಯವಹಾರ ಮುಗಿಸಿದಳು. ಎಂಟೂ ಹೆಂಗಸರಿಗೆ ಮಾಮೂಲಿ ಮುಖಕ್ಕೆ ಹತ್ತು ರೂಪಾಯಿ, ಮೂಗು ನೋಡುವ ಮುಖಕ್ಕೆ ಮೀಸೆ ಮೇಡಂಗೆ ಇಪ್ಪತ್ತು. ಮಾಲೀಕರು ಚೌಕಾಸಿಯನ್ನೂ ಮಾಡಲಿಲ್ಲ. ಎದುರು ಮನೆಯವಳು ಸುದ್ದಿ ಕೇಳಿ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ನನಗೂ ನಿಜವಾಗಿ ಸಂತೋಷವಾಯಿತು. ಅದು ಒಂದು ಗಂಟೆ ಇತ್ತು.

"ನಾನು ಬರೆದದ್ದು ಅಂತ ಹೇಳಿದ್ರಂತೆ" ಎಂದಳು ಮನೆಗೆ ಬಂದ ಮೇಲೆ.

"ಹ್ಞೂಂ."

"ಯಾಕೆ?"

"ಬೈತಾರೆ ಅಂದ್ಕೊಂಡೆ."

"ಬೈಸಿಕೊಳ್ಳೋಕೆ ಹೆಂಡತಿ" ಎಂದು ತಲೆಯಾಡಿಸಿ, ಖಾಲಿ ಮುಖದ ಸಿಪಾಯಿಗಳ ತಟ್ಟೆಯನ್ನು ತಂದು ನನ್ನ ಮುಂದೆ ಇಟ್ಟಳು. "ಇಪ್ಪತ್ತು ವರ್ಷದಿಂದ ನೆಟ್ಟಗೆ ಬರೆದ ಕೈ ಇದು, ನಂಗೆ ಇಷ್ಟು ಕೆಟ್ಟದಾಗಿ ಬರೆಯೋಕೆ ಬರಲ್ಲ. ನೀವೇ ಕೂತ್ಕೊಳ್ಳಿ. ಬೇಡ ಅಂದ್ರೆ ಮಾಲೀಕರ ಹತ್ರ ಹೋಗಿ ನಿಜ ಹೇಳಿ. ಹೆಂಡತಿ ಹೆಸರು ಹೇಳಿದ್ದನ್ನೂ ಸೇರಿಸಿ ಹೇಳಿ."

ಕೂತೆ. ನನ್ನ ಕನ್ನಡಕದಲ್ಲಿ ಬರೆದರೆ ಕಣ್ಣು ಅಲ್ಲಿ ಇಲ್ಲಿ ಬೀಳುತ್ತಿತ್ತೇ ಹೊರತು ಮೂಗಿನ ಬುಡಕ್ಕೆ ಬರಲಿಲ್ಲ. ಕೊನೆಗೆ ಅತ್ತೆಯವರ ಮುಂದೆ ಕೈ ಚಾಚಬೇಕಾಯಿತು. ಅವರು ಕನ್ನಡಕವನ್ನು ತೆಗೆದರು, ಒರೆಸಿದರು, ಆದರೆ ಕೊಡಲಿಲ್ಲ.

"ಸಿಪಾಯಿಗೆ ಎರಡು ರೂಪಾಯಿ ಬಾಡಿಗೆ, ಅಳಿಯಂದ್ರೇ. ನನ್ನ ಧಾರಾವಾಹಿ ತಪ್ಪುತ್ತಲ್ಲ."

ಹೆಂಡತಿಯ ಕಡೆ ನೋಡಿ, "ನನ್ನ ಕೂಲಿ ಎಷ್ಟು?" ಎಂದು ಕೇಳಿದೆ.

"ಐದು. ನೀವೇ ಹಾಕಿದ ರೇಟಲ್ವಾ?"

ಹೀಗೆ ನನ್ನ ಭಾನುವಾರಗಳೆಲ್ಲ ಸಿಪಾಯಿಗಳ ಪಾಲಾಗಿವೆ. ಬಾಡಿಗೆ ಕಳೆದು ನನ್ನ ಕೈಗೆ ಉಳಿಯುವುದು ಮುಖಕ್ಕೆ ಮೂರು ರೂಪಾಯಿ. ಸಿಪಾಯಿಯ ಮೇಲೆ ಮೂರು ರೂಪಾಯಿ ಉಳಿಸುತ್ತೇನೆ ಎಂದು ಮೇಜು ಗುದ್ದಿದ್ದೆ, ಮಾತು ಉಳಿಸಿಕೊಂಡಿದ್ದೇನೆ ಎನ್ನಬೇಕು. ಅತ್ತೆಯವರು ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಎದುರಿಗೆ ಹೆಂಡತಿ ತನ್ನ ಹತ್ತು ರೂಪಾಯಿಯ ನೆಟ್ಟಗಿನ ಮುಖಗಳನ್ನು ಬರೆಯುತ್ತಾಳೆ.

ಹೋದ ಭಾನುವಾರ ಮೂವತ್ತನೆಯ ಕಣ್ಣಿಗೆ ಬರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. "ಸ್ವಲ್ಪ ನಿಧಾನ ಮಾಡ್ತೀನಿ ಕಣೆ, ಉಸಿರು ಕಟ್ತಾ ಇದೆ" ಎಂದೆ.

ಅವಳು ಮೀಸೆಯಿಂದ ತಲೆ ಎತ್ತಲಿಲ್ಲ.

"ಯಾಕ್ರೀ, ಅದಕ್ಕೆ ಎರಡು ಸೆಕೆಂಡು ಕೊಟ್ಟಿದ್ದೀರಲ್ಲ."