ನಮ್ಮನೆ ಬಿಯರಿನ ಸೆಕೆ, ಚಳಿ

ಮನೆಯಲ್ಲೇ ಬಿಯರು ಮಾಡೋ ಹುಚ್ಚು ಹತ್ತಿದ ಮೇಲೆ ನನಗೆ ನಗುವಿಗೆ ಬರವೇ ಬಂದಿಲ್ಲ. ಎಲ್ಲಾ ಬಿಯರನ್ನ ಹುದುಗಿಸೋ ಆ ಯೀಸ್ಟಿನ ಕೃಪೆ. ಅದಕ್ಕೆ ಸೆಕೆಯೂ ಆಗಬಾರದು, ಚಳಿಯೂ ತಾಗಬಾರದು. ಹಸಿ ಬಾಣಂತಿಗೂ ಇಷ್ಟು ಆರೈಕೆ ಬೇಡ!

ಸ್ನಾನದ ಮನೆಯಲ್ಲಿ ಯಾರು?

ಅಮೆರಿಕದಲ್ಲಿ ನಾವಿರೋ ಸ್ಯಾನ್ ರಮೋನಿನ ಬೇಸಿಗೆ. ಗರಾಜು ಕಾದ ಕಾವಲಿ. ಹುದುಗುತ್ತಿದ್ದ ಬಿಯರಿನ ಡ್ರಮ್ಮನ್ನ ಹೊತ್ತು ತಂದು ಬಾತ್‌ಟಬ್ಬಿನಲ್ಲಿಟ್ಟೆ. ಸುತ್ತ ಐಸು ಸುರಿದು ಪರದೆ ಎಳೆದೆ. ಅವತ್ತೇ ಮನೆಯಲ್ಲಿ ಸತ್ಯನಾರಾಯಣ ಪೂಜೆ ಅನ್ನೋದು ಮರೆತೇ ಹೋಗಿತ್ತು. ಬಂದಿದ್ದ ನೆಂಟರೊಬ್ಬರು ಬಾತ್‌ರೂಮಿನಿಂದ ಗಾಬರಿಯಾಗಿ ಓಡಿ ಬಂದರು.

"ಒಳಗೆ ಯಾರೋ ಸ್ನಾನಕ್ಕೆ ಕೂತಿದಾರೆ ಸಾರ್! ಬುಳುಕ್ ಬುಳುಕ್ ಅಂತ ಸದ್ದು. ಎಷ್ಟು ಕರೆದರೂ ಮಾತೇ ಇಲ್ಲ."

ನಾನು ಬಾಯಿ ಬಿಡೋಷ್ಟರಲ್ಲಿ ಪುರೋಹಿತರೇ ಸಮಾಧಾನ ಹೇಳಿದರು: "ಮಡಿಯಲ್ಲಿರಬೇಕು, ಬಿಡಿ. ಮಾತಾಡಿಸಬಾರದು."

ರಜಾಯಿ ಯಾರಿಗೆ?

ಸ್ಯಾನ್ ಫ್ರಾನ್ಸಿಸ್ಕೋದ ಗೆಳೆಯನೂ ಶುರು ಹಚ್ಚಿಕೊಂಡ. ಅಲ್ಲಿ ಜುಲೈನಲ್ಲೂ ಮಂಜು. ಬಾಟಲಿಗೆ ಚೂರು ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿಟ್ಟರೆ ತಾನೇ ಗ್ಯಾಸು ಹುಟ್ಟೋದು? ಅವನ ಬಿಯರು ಆರಿದ ಕಷಾಯದ ಹಾಗೆ ಗುಳ್ಳೆಯೇ ಇಲ್ಲದೆ ಕೂತಿತ್ತು. "ಬೆಚ್ಚಗೆ ಹೊದಿಸೋ" ಅಂದೆ.

ಮಾರನೇ ದಿನ ಅವನ ಹೆಂಡತಿಯ ಫೋನು. "ಚಳಿ ಅಂದ್ರೆ ನನಗೆ ಸ್ವೆಟರ್ ಹಾಕ್ಕೋ ಅಂತಾರೆ. ಈಗ ಬಾಟಲಿಗಳಿಗೆ ಹೀಟರು, ನನ್ನ ರಜಾಯಿ! ನಾನೂ ಚೂರು ಸಕ್ಕರೆ ತಿಂದು ಮಲಗಲಾ ಅಣ್ಣಾ?"

ಅತ್ತೆಯ ರೆಸಿಪಿ

ಕೊನೆಗೆ ಹಳೇ ಫ್ರಿಜ್ಜಿಗೆ ಹೀಟರು ಜೋಡಿಸಿ, ಬೇಕಾದಷ್ಟೇ ಬಿಸಿ ಇಡೋ ಪೆಟ್ಟಿಗೆ ಮಾಡಿದೆ. ಜಗತ್ತು ಗೆದ್ದ ಖುಷಿ! ಆ ಚಳಿಗಾಲದಲ್ಲಿ ಮೈಸೂರಿನಿಂದ ಅತ್ತೆ ಬಂದರು. ಇಡ್ಲಿ ಹಿಟ್ಟು ಉಬ್ಬಲಿಲ್ಲ ಅಂತ ಪಾತ್ರೆಯನ್ನ ಆ ಪೆಟ್ಟಿಗೆಯೊಳಗಿಟ್ಟು, ಬಿಸಿ ಜಾಸ್ತಿ ಮಾಡಿಬಿಟ್ಟರು. ಇಡ್ಲಿ ಮಲ್ಲಿಗೆಯಾಯಿತು. ಅಷ್ಟು ಬಿಸಿಗೆ ಯೀಸ್ಟು ಕೆರಳಿ ನನ್ನ ಬಿಯರು ಬಾಳೆಹಣ್ಣಿನ ವಾಸನೆ ಹೊಡೆಯಿತು.

ಎಸೆಯೋಕೆ ಮನಸ್ಸು ಬರದೆ, ಬಾಟಲಿ ತುಂಬಿ ಪಕ್ಕದ ಮನೆಯ ಅಮೆರಿಕನ್ನನ್ನ ಊಟಕ್ಕೆ ಕರೆದೆ. ಒಂದು ಕೈಯಲ್ಲಿ ಇಡ್ಲಿ, ಇನ್ನೊಂದರಲ್ಲಿ ಬಿಯರು ಹಿಡಿದು ಅವನು ಕುಣಿದಾಡಿಬಿಟ್ಟ. "ಇದನ್ನ ಹೇಗೆ ಮಾಡಿದ್ರಿ?"

ಅತ್ತೆ ಇಡ್ಲಿಯ ವಿಷಯವೇ ಅಂದುಕೊಂಡು ಉತ್ಸಾಹದಿಂದ ಹೇಳಿದರು. ಅಕ್ಕಿ, ಉದ್ದಿನಬೇಳೆ, ಚಿಟಿಕೆ ಮೆಂತ್ಯ, ಚೆನ್ನಾಗಿ ನೆನೆಸಿ ನುಣ್ಣಗೆ ರುಬ್ಬಿ, ಬೆಚ್ಚಗಿಟ್ಟು ಹುದುಗಿಸಬೇಕು. ನನ್ನ ಮಗಳು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ನಾನು ಅಡುಗೆಮನೆಯಲ್ಲಿ ಚಟ್ನಿ ಹುಡುಕುತ್ತಿದ್ದೆ.

ಕೆಲವು ವಾರದ ಮೇಲೆ ಅವನು ಹೆಮ್ಮೆಯಿಂದ ಬಾಟಲಿ ಹಿಡಿದು ಬಂದ. "ನಿಮ್ಮ ಅತ್ತೆಯ ಬಿಯರು! ನೊರೆ ಉಕ್ಕೋದು ನಿಲ್ಲೋದೇ ಇಲ್ಲ!"

ಅತ್ತೆ ಲೋಟ ಮೂಸಿ ನೋಡಿ ತಲೆದೂಗಿದರು. "ಹುಳಿ ಹದವಾಗಿ ಬಂದಿದೆ. ಇನ್ನು ತಟ್ಟೆಗೆ ಹುಯ್ದು ಬೇಯಿಸೋದೊಂದೇ ಬಾಕಿ."