ವೀಳ್ಯದ ಕ್ಯಾಸೆಟ್ಟು

ಮೇಳಿಗೆಯ ಕನ್ನಪ್ಪಗೌಡರಿಗೆ ಕಿವಿ ಮಂದ ಎಂಬುದು ತೀರ್ಥಹಳ್ಳಿಯಿಂದ ಸಾಗರದವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಕನ್ನಪ್ಪಗೌಡರೊಬ್ಬರಿಗೆ. ಊರಿನ ನ್ಯಾಯ ಪಂಚಾಯ್ತಿಯೆಲ್ಲ ಅವರ ಜಗಲಿಯಲ್ಲೇ ತೀರ್ಮಾನವಾಗುತ್ತಿದ್ದುದರಿಂದ, "ಗೌಡ್ರೇ, ನಿಮಗೆ ಕಿವಿ ಕೇಳಲ್ಲ" ಎಂದು ಹೇಳುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿ ಹೇಳಿದ್ದರೂ ಅವರಿಗೆ ಕೇಳಿಸುತ್ತಿತ್ತು ಎಂಬ ಭರವಸೆಯೇನೂ ಇಲ್ಲ.

ಇದರಿಂದ ಪೇಚಿಗೆ ಸಿಕ್ಕವನು ಹೊಸನಗರದ ಸೊಸೈಟಿ ಗುಮಾಸ್ತ ಮಂಜಯ್ಯ. ಮಗಳು ಮೂಕಾಂಬಿಕಾಳನ್ನು ಕನ್ನಪ್ಪಗೌಡರ ತಮ್ಮನ ಮಗನಿಗೆ ಕೊಟ್ಟಿದ್ದ. ಮದುವೆಯಲ್ಲಿ ಬೀಗರ ಕಡೆಯ ಹಿರಿಯರನ್ನು ಹೆಸರು ಹಿಡಿದು ಕರೆದು ವೀಳ್ಯ ಕೊಡಬೇಕಷ್ಟೆ? ಮಂಜಯ್ಯ ಕರೆದ. ಒಂದು ಸಲ ಅಲ್ಲ, ಮೂರು ಸಲ ಕರೆದ. ಕನ್ನಪ್ಪಗೌಡರು ಚಪ್ಪರದ ಕಂಬಕ್ಕೆ ಒರಗಿಕೊಂಡು ಊಟದ ಪಂಕ್ತಿಯ ಕಡೆಗೇ ನೋಡುತ್ತಿದ್ದರು. ಓಲಗದ ಗದ್ದಲ ಬೇರೆ. ಪುರೋಹಿತರು "ಮುಹೂರ್ತ ಮೀರ್ತದೆ" ಎಂದು ಅವಸರ ಮಾಡಿದಾಗ ಮಂಜಯ್ಯ ಬೇರೆ ದಾರಿಯಿಲ್ಲದೆ ವೀಳ್ಯವನ್ನು ಗೌಡರ ತಮ್ಮನ ಕೈಗೇ ಕೊಟ್ಟುಬಿಟ್ಟ.

ಅಣ್ಣನನ್ನು ಬಿಟ್ಟು ತಮ್ಮನಿಗೆ ವೀಳ್ಯ! ಗೌಡರು ಊಟ ಮಾತ್ರ ಬಿಡಲಿಲ್ಲ. ಹೊಟ್ಟೆ ತುಂಬ ಉಂಡು, ಕೈ ತೊಳೆದ ಮೇಲೆ ಸಿಟ್ಟು ಮಾಡಿಕೊಂಡು ಹೋದರು. ದೀಪಾವಳಿ ಹತ್ತಿರ ಬಂದಾಗ ಮೇಳಿಗೆಯಿಂದ ಮಾತು ಬಂತು: ಕರೆಯದೆ ಅವಮಾನ ಮಾಡಿದ ಮನೆಗೆ ಸೊಸೆಯನ್ನು ಮೊದಲ ಹಬ್ಬಕ್ಕೂ ಕಳಿಸುವುದಿಲ್ಲ. ಮಂಜಯ್ಯನ ಹೆಂಡತಿ ತುಂಗಮ್ಮ ಅವತ್ತಿನಿಂದ ಸೆರಗಿನ ತುದಿ ಕಣ್ಣಿನಿಂದ ತೆಗೆದಿರಲಿಲ್ಲ.

ಮಂಜಯ್ಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿಯ ಬಿಸಿಗೆ ಬಾಯಿ ತಪ್ಪಿ ಹೇಳಿಬಿಟ್ಟ: "ಕರೆದಿಲ್ಲ ಅಂತಾರಾ? ವಿಡಿಯೋ ತೆಗ್ಸಿದೀನಿ ಸ್ವಾಮಿ! ನಾ ಕರೆದಿದ್ದು ಕ್ಯಾಸೆಟ್ಟಲ್ಲಿ ಕೂತಿದೆ!"

ಹೋಟೆಲಿನಲ್ಲಿ ಆಡಿದ ಮಾತು ಮೇಳಿಗೆ ಮುಟ್ಟಲು ಒಂದು ಬಸ್ಸು ಸಾಕು. ಉತ್ತರವೂ ಬಸ್ಸಿನಲ್ಲೇ ಬಂತು: "ಭಾನುವಾರ ಸಂಜೆ ಬರ್ತೀನಿ. ತೋರ್ಸಿ. ಬಾಯಿ ಆಡಿಸೋದು ತೋರ್ಸಿದ್ರೆ ಆಗಲ್ಲ. ನನ್ನ ಹೆಸ್ರು ಕಿವೀಲಿ ಕೇಳ್ಬೇಕು."

ಭಾನುವಾರ ಬೆಳಿಗ್ಗೆ ಮಂಜಯ್ಯ ಒಂದು ಟಿವಿ, ಒಂದು ವಿಸಿಆರ್ ಬಾಡಿಗೆಗೆ ತಂದು ನಡುಮನೆಯಲ್ಲಿ ಇಟ್ಟು, ಊದುಬತ್ತಿ ಹಚ್ಚಿ, ಕ್ಯಾಸೆಟ್ಟನ್ನು ವಿಸಿಆರ್ ಪೆಟ್ಟಿಗೆಯ ಬಾಯಿಗೆ ಹಿಡಿದ. ಅದು ಒಳಗೆ ಹೋಗಿ ಲೊಳಕ್ಕೆಂದು ಅಲ್ಲಾಡಿತು. ಸಾಗರದ ವಿಡಿಯೋದವನು ಕೊಟ್ಟ ಕ್ಯಾಸೆಟ್ಟು ಚಿಕ್ಕದು, ಬಾಡಿಗೆ ಪೆಟ್ಟಿಗೆಯ ಬಾಯಿ ದೊಡ್ಡದು.

"ಸ್ವಲ್ಪ ಒತ್ತಿ ನೋಡಿ" ಎಂದಳು ತುಂಗಮ್ಮ.

"ಎಂತ ಒತ್ತದು? ಇದೇನು ಹಲಸಿನ ಹಣ್ಣಾ?"

ಪಕ್ಕದ ಮನೆಯ ಜಟ್ಟಿಂಗಪ್ಪ ಬೇಲಿಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡು ಒಳಗೆ ಬಂದ. ಅವನದು ರೇಡಿಯೋ ರಿಪೇರಿ ಅಂಗಡಿ. ಅವನ ಕೈಗೆ ಹೋದ ರೇಡಿಯೋ ಮತ್ತೆ ಮಾತಾಡಿದ್ದನ್ನು ಕಂಡವರಿಲ್ಲ, ಆದರೂ ಕರೆಯದೆ ಬಂದು ಉಪಕಾರ ಮಾಡುವುದರಲ್ಲಿ ಅವನಿಗೆ ಸಮನಾದವರು ಇರಲಿಲ್ಲ. ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಮಂಜಯ್ಯ, ಇದು ಬೇರೆ ಜಾತಿ" ಎಂದ.

"ಕ್ಯಾಸೆಟ್ಟಿಗೂ ಜಾತಿಯಾ?"

"ಮನುಷ್ಯರೇ ಮಾಡಿದ್ದಲ್ವಾ? ಅದಕ್ಕೂ ಅಂಟ್ಕೊಂಡಿದೆ. ಇದು ಬೀಟಾ. ಪೆಟ್ಟಿಗೆ ವಿಎಚ್ಎಸ್ಸು. ಒಂದರ ಮನೆಗೆ ಇನ್ನೊಂದು ಹೋಗಲ್ಲ. ಬೀಟಾ ಪೆಟ್ಟಿಗೆ ತಂದು, ಈ ಪೆಟ್ಟಿಗೇಲಿ ಒಂದು ಖಾಲಿ ಕ್ಯಾಸೆಟ್ಟು ಹಾಕಿ, ಅದರಿಂದ ಇದಕ್ಕೆ ಕಾಪಿ ಇಳಿಸ್ಬೇಕು."

ಊರಿಗೆಲ್ಲ ಒಂದೇ ಬೀಟಾ ಪೆಟ್ಟಿಗೆಯಿದ್ದದ್ದು ಹೆಂಚಿನ ಡಿಪೋದ ಸೀತಾರಾಮಪ್ಪನ ಮನೆಯಲ್ಲಿ. ಮಸ್ಕತ್ತಿನಲ್ಲಿದ್ದ ಭಾವಮೈದುನ ತಂದುಕೊಟ್ಟದ್ದು. ಸೀತಾರಾಮಪ್ಪ ಅದನ್ನು ಮಡಿ ಪಂಚೆಯಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು ತಾನೇ ಹೊತ್ತು ತಂದ. ಇಳಿಸುವ ಮೊದಲೇ ಷರತ್ತು ಹಾಕಿದ.

"ಸಂಜೆ ಸಾಗರದ ಬಸ್ಸಿಗೆ ಇದು ಹೋಗ್ಬೇಕು, ಗೌಡ್ರು ಬರೋವರೆಗೆ ಕಾಯಕ್ಕಾಗಲ್ಲ. ಅಳಿಯನ ಮನೇಲಿ ಎಲ್ಲಾರನ್ನೂ ಪಿಕ್ಚರಿಗೆ ಕರೆದಾಗಿದೆ. ಗುಂಡಿ ಯಾರೂ ಮುಟ್ಟೋ ಹಾಗಿಲ್ಲ. ನಾನೇ ಒತ್ತೋದು."

ಜಟ್ಟಿಂಗಪ್ಪ ಎರಡು ಪೆಟ್ಟಿಗೆಗಳ ಬೆನ್ನಿಗೆ ವೈರು ಸಿಕ್ಕಿಸಿದ. ಚಿತ್ರಕ್ಕೊಂದು, ಶಬ್ದಕ್ಕೊಂದು. ಸೀತಾರಾಮಪ್ಪ ಗುಂಡಿ ಒತ್ತಿದ. ಟಿವಿಯಲ್ಲಿ ಚಪ್ಪರ ಬಂತು, ಮದುಮಗಳು ಬಂದಳು, ಓಲಗದವರು ಕೆನ್ನೆ ಊದಿಸಿಕೊಂಡು ಬಂದರು. ಓಲಗ ಮಾತ್ರ ಬರಲಿಲ್ಲ.

"ಶಬ್ದ?" ಎಂದ ಮಂಜಯ್ಯ.

"ಕಾಪಿ ಇಳಿಯೋವಾಗ ಶಬ್ದ ಒಳಗಿಂದೊಳಗೇ ಹೋಗತ್ತೆ. ಹೊರಗೆ ಬಂದ್ರೆ ಒಳಗೆ ಎಂತ ಉಳಿಯತ್ತೆ?" ಎಂದ ಸೀತಾರಾಮಪ್ಪ. ಮಸ್ಕತ್ತಿನ ಸಾಮಾನಿನ ಯಜಮಾನ ಹೇಳಿದ ಮೇಲೆ ಮುಗಿಯಿತು. ಎಲ್ಲರೂ ತಲೆ ಆಡಿಸಿದರು.

ಎಲ್ಲರೂ ಎಂದರೆ, ಅಷ್ಟು ಹೊತ್ತಿಗೆ ಕೇರಿಯೇ ನಡುಮನೆಯಲ್ಲಿತ್ತು. ಕಾಪಿ ಇಳಿಯುವುದಕ್ಕೆ ಮದುವೆ ನಡೆದಷ್ಟೇ ಹೊತ್ತು ಬೇಕು ಎಂದು ಗೊತ್ತಾಗಿ ಎಲ್ಲರೂ ಕಾಲು ಚಾಚಿ ಕೂತರು. ತುಂಗಮ್ಮ ಎರಡನೇ ಸಲ ಮದುವೆ ಮಾಡಿದಂತೆ ಅವಲಕ್ಕಿ, ಕಾಫಿ ಹಂಚಿದಳು. ಮದುಮಗಳನ್ನು ನೋಡಿದವರು ಯಾರೂ ಇಲ್ಲ. ಒಬ್ಬೊಬ್ಬರೂ ತಮ್ಮನ್ನೇ ಹುಡುಕುತ್ತಿದ್ದರು.

"ನಾ ಹೊಸ ಸೀರೆ ಉಟ್ಟಿದ್ದು ದಂಡ ಆಯ್ತು. ಬರೇ ಬೆನ್ನು ತೆಗ್ದಿದಾನೆ ಮುಂಡೇಮಗ" ಎಂದಳು ಹಿಂದಿನ ಮನೆಯ ಹಾಲಮ್ಮ. "ಇಷ್ಟೊತ್ತಾದ್ರೂ ಒಬ್ರ ಬಾಯಲ್ಲೂ ಮಾತಿಲ್ಲ ನೋಡು ತುಂಗಾ. ಮದುವೆಗೇ ದೃಷ್ಟಿಯಾಗಿದೆ."

ಹಾಲಮ್ಮನ ಮಾತೇ ನಿಜವಾಯಿತು. ಮಧ್ಯಾಹ್ನ ಇಳಿಸಿದ ಕಾಪಿಯನ್ನು ಹಾಕಿ ನೋಡಿದರೆ ಉಸಿರಿಲ್ಲ. ವೀಳ್ಯದ ಜಾಗದಲ್ಲಿ ಮಂಜಯ್ಯ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ, ಅಷ್ಟೆ.

"ಒಳಗಿಂದೊಳಗೇ ಹೋಗತ್ತೆ ಅಂದ್ರಲ್ಲ, ಎಲ್ಲಿಗೆ ಹೋಯ್ತು ಸೀತಾರಾಮಪ್ಪ?" ಎಂದ ಮಂಜಯ್ಯ.

"ನನ್ನ ಪೆಟ್ಟಿಗೆ ಕಳಿಸಿದೆ. ನಿನ್ನ ಬಾಡಿಗೆ ಪೆಟ್ಟಿಗೆ ತಗೊಂಡಿಲ್ಲ. ಕೊಟ್ಟೋನ ತಪ್ಪಾ, ತಗೊಳ್ದೇ ಇರೋನ ತಪ್ಪಾ?"

ಇದೇ ಮಾತನ್ನು ತಾನು ಕನ್ನಪ್ಪಗೌಡರಿಗೆ ಹೇಳಬೇಕಾಗಿತ್ತು ಎಂದು ಮಂಜಯ್ಯನಿಗೆ ಆಗ ಹೊಳೆಯಿತು.

ಜಟ್ಟಿಂಗಪ್ಪ ಬೀಟಾ ಪೆಟ್ಟಿಗೆಯ ನೆತ್ತಿಗೆ ಎರಡು ಗುದ್ದಿದ. ಸೀತಾರಾಮಪ್ಪ ತನ್ನ ನೆತ್ತಿಗೇ ಬಿದ್ದಂತೆ ಚೀರಿದ. ಹಾಲಮ್ಮ ಮೆಣಸಿನಕಾಯಿ, ಉಪ್ಪು ತಂದು ಟಿವಿಗೆ ನೀವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಕೇರಿಯೆಲ್ಲ ಕೆಮ್ಮಿತು. ತುಂಗಮ್ಮ ಸಿಗಂದೂರಮ್ಮನಿಗೆ ಹರಕೆ ಹೊತ್ತಳು: "ತಾಯೀ, ಇವರ ಬಾಯಿಂದ ಒಂದು ಮಾತು ಹೊರಡಿಸು. ಹಿನ್ನೀರಲ್ಲಿ ಲಾಂಚು ಹತ್ತಿ ಬಂದು ಸೀರೆ ಉಡಿಸ್ತೀನಿ." ಅಷ್ಟರಲ್ಲಿ ಕರೆಂಟು ಹೋಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಾಡಿಗೆಲ್ಲ ದೀಪ ಹಚ್ಚಿದರೂ ಆ ನೀರಿಗೆ ಜಾಗ ಬಿಟ್ಟುಕೊಟ್ಟವರ ನೆಂಟರ ಮನೆಗಳಲ್ಲಿ ಬುಡ್ಡಿ ದೀಪವೇ ಗತಿ.

ಕರೆಂಟು ವಾಪಸು ಬರುವಾಗ ಬಿಸಿಲು ಇಳಿದಿತ್ತು. ಸೀತಾರಾಮಪ್ಪ ಆ ಮಡಿ ಪಂಚೆ ಹಿಡಿದುಕೊಂಡು ಪೆಟ್ಟಿಗೆ ಸುತ್ತಲು ತಯಾರಾಗಿ ನಿಂತಿದ್ದ. ಮಂಜಯ್ಯ ಅವನ ಕೈ ಹಿಡಿದುಕೊಂಡ.

"ನನ್ನ ಮಗಳ ಮೊದಲ ಹಬ್ಬ ಮಾರಾಯ. ಪೂರ್ತಿ ಮದುವೆ ಬ್ಯಾಡ. ವೀಳ್ಯದ್ದೊಂದು ತುಂಡು ಇಳಿಸಿ ಕೊಡು. ನಿನ್ನ ಕಾಲು ಹಿಡೀತೀನಿ."

ಸೀತಾರಾಮಪ್ಪ ಕರಗಿದ. ಜಟ್ಟಿಂಗಪ್ಪ ಟಾರ್ಚು ಕಚ್ಚಿಕೊಂಡು ಪೆಟ್ಟಿಗೆಗಳ ಹಿಂದೆ ತೆವಳಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದ.

"ಸಿಕ್ತು! ಶಬ್ದದ ವೈರು ಎರಡು ಕಡೇನೂ ಹೊರಗೆ ಕಳ್ಸೋ ತೂತಿಗೇ ಹಾಕಿದೆ. ಒಳಗೆ ತಗೊಳ್ಳೋ ತೂತು ಖಾಲಿ! ಎರಡೂ ಮಾತಾಡ್ತಿವೆ, ಕೇಳೋರೇ ಇಲ್ಲ. ಥೇಟ್ ನಿಮ್ಮ ಸೊಸೈಟಿ ಮೀಟಿಂಗು."

ಹಾಗೆ ಹಾಕಿದವನು ಯಾರು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ವೈರು ಬದಲಾಯಿತು. ಗುಂಡಿ ಒತ್ತಿದ್ದೇ ತಡ, ನಡುಮನೆಯಲ್ಲಿ ಓಲಗ ಮೊಳಗಿತು. ತುಂಗಮ್ಮ ಟಿವಿಗೇ ಕೈ ಮುಗಿದಳು.

"ಸಣ್ಣ ಮಾಡಿ, ಸಣ್ಣ ಮಾಡಿ! ಈ ವೋಲ್ಟೇಜಿಗೆ ಅಷ್ಟು ಶಬ್ದ ಬಿಟ್ರೆ ಚಿತ್ರಕ್ಕೆ ಕರೆಂಟು ಸಾಕಾಗಲ್ಲ" ಎಂದ ಜಟ್ಟಿಂಗಪ್ಪ. ಸಣ್ಣ ಮಾಡಿದರು. ಸಣ್ಣ ದನಿಯಲ್ಲೇ ಟಿವಿಯ ಮಂಜಯ್ಯ ಕರೆದ: "ಮೇಳಿಗೆ ಕನ್ನಪ್ಪಗೌಡ್ರೇ..." ನಿಜವಾದ ಮಂಜಯ್ಯ ಎದ್ದು ಕುಣಿದ. ಕೇರಿಯವರು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಉಳಿದದ್ದನ್ನು ಯಾರು ಕೇಳಿಸಿಕೊಂಡಾರು? ವೀಳ್ಯದ ತುಂಡು ಇಳಿದು ಮುಗಿದ ಕೂಡಲೆ ಸೀತಾರಾಮಪ್ಪ ಪೆಟ್ಟಿಗೆ ಅವುಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಅವನು ಓಡಿದ ದಾರಿಯಲ್ಲೇ ಕನ್ನಪ್ಪಗೌಡರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಜರಿ ಶಾಲು, ಕೈಯಲ್ಲಿ ಬೆತ್ತ. ಕುಡಿಯಲು ನೀರು ಕೊಟ್ಟರೆ ಮುಟ್ಟಲಿಲ್ಲ. "ಮೊದ್ಲು ನ್ಯಾಯ. ನೀರು ಆಮೇಲೆ" ಎಂದು ಟಿವಿಯ ಎದುರಿಗೇ ಕುರ್ಚಿ ಎಳೆಸಿ ಕೂತರು.

ಕ್ಯಾಸೆಟ್ಟು ತಿರುಗಿತು. ಮಂಜಯ್ಯ ಮೊದಲ ಸಲ ಕರೆದ. ಗೌಡರು ಹುಬ್ಬು ಗಂಟಿಕ್ಕಿದರು.

"ಎಲ್ಲಿ ಕರೆದಿದೀರಿ? ಬಾಯಿ ಆಡಿಸ್ತಿದೀರಿ, ಅಷ್ಟೇಯ."

ನಡುಮನೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರ ಕಿವಿಯ ಮಾತನ್ನು ಹೇಳುವ ಧೈರ್ಯ ಯಾರಿಗಿದೆ? ಉಪಕಾರಿ ಜಟ್ಟಿಂಗಪ್ಪನೇ ಎದ್ದ.

"ಕ್ಯಾಸೆಟ್ಟಿಗೆ ಸ್ವಲ್ಪ ಗಂಟಲು ಕಟ್ಟಿದೆ ಗೌಡ್ರೇ. ಈಗ ಸರಿ ಮಾಡ್ತೀನಿ." ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ಶಬ್ದದ ಗುಂಡಿಯನ್ನು ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದ. ವೋಲ್ಟೇಜಿನ ಮಾತು ಅವನಿಗೆ ಮರೆತೇಹೋಗಿತ್ತು.

ಕಪಾಟಿನ ಪಾತ್ರೆಗಳು ಗಡಗಡ ನಡುಗಿದವು. ಹಟ್ಟಿಯ ದನ ಕೂಗಿತು. ಓಲಗದ ಮೇಲೆ ಮಂಜಯ್ಯನ ದನಿ ಸಿಡಿಲಿನಂತೆ ಎರಗಿತು: "ಮೇಳಿಗೆ ಕನ್ನಪ್ಪಗೌಡ್ರೇ, ಬನ್ನಿ, ವೀಳ್ಯ ತಗೊಳ್ಳಿ!" ಮತ್ತೊಂದು ಸಲ. ಮಗದೊಂದು ಸಲ.

ಗೌಡರ ಹುಬ್ಬು ಸಡಿಲವಾಯಿತು. ಮೀಸೆ ಅದುರಿತು. ಕಣ್ಣಲ್ಲಿ ನೀರು ಬಂತು.

"ಕರೆದಿದೀರಿ ಬೀಗರೇ! ಮೂರು ಸಲ ಕರೆದಿದೀರಿ! ಆ ಓಲಗದ ಬಡ್ಡಿಮಕ್ಕಳ ಗಲಾಟೇಲಿ ನಂಗೆ ಗೊತ್ತಾಗ್ಲಿಲ್ಲ. ತಂಗೀ, ಕಣ್ಣು ಒರೆಸ್ಕೋ. ಹುಡುಗೀನ ಹಬ್ಬಕ್ಕೆ ನಾನೇ ಕರ್ಕೊಂಡ್ ಬರ್ತೀನಿ. ಎಲ್ಲಿ, ಆ ನೀರು ಕೊಡು."

ತುಂಗಮ್ಮ ಅಳುತ್ತಲೇ ನಕ್ಕು ಚೊಂಬು ತಂದಳು. ಮಂಜಯ್ಯನ ಎದೆ ಎರಡು ಪಟ್ಟು ಆಯಿತು. ಸಂತೋಷದಲ್ಲಿ ಕ್ಯಾಸೆಟ್ಟು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಟಿವಿಯಲ್ಲಿ ಓಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಪರದೆಯ ಮಂಜಯ್ಯ ಬೆವರು ಒರೆಸಿಕೊಂಡು ಹೆಂಡತಿಯ ಕಿವಿಯ ಬಳಿ ಬಗ್ಗಿದ. ಮದುವೆಯ ದಿನ ವಿಡಿಯೋದವನು ಮೈಕು, ಲೈಟು ಸಮೇತ ತನ್ನ ಹೆಗಲ ಮೇಲೇ ಹತ್ತಿ ನಿಂತಂತಿದ್ದದ್ದು ನಿಜವಾದ ಮಂಜಯ್ಯನಿಗೆ ಆಗ ನೆನಪಾಯಿತು. ಅವನು ಟಿವಿಯ ಕಡೆ ಹಾರಿದ. ಹಾಲಮ್ಮನ ಚಾಚಿದ ಕಾಲು ಎಡವಿ ಬಿದ್ದ.

ಅಂದು ಪಿಸುಗುಟ್ಟಿದ್ದು ಇಂದು ಪಾತ್ರೆಗಳನ್ನು ನಡುಗಿಸುತ್ತಾ ಹೊರಬಂತು.

"ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯ್ತು ಮಾರಾಯ್ತಿ! ಕಂಬಕ್ಕೆ ಒರಗಿ ಪಾಯಸದ ಕೊಳಗ ನೋಡ್ತಾ ನಿಂತಿದೆ ಮುದಿ ಕೋಣ!"

"ಮೆಲ್ಲಗೆ ಹೇಳಿ, ಕೇಳಿಸ್ಕೊಂಡಾರು!" ಎಂದಿತು ತುಂಗಮ್ಮನ ದನಿ.

"ಕೇಳಿಸ್ಕೊಳ್ಳೋ ಹಂಗಿದ್ರೆ ಇಷ್ಟೊತ್ತಿಗೆ ಬಂದು ವೀಳ್ಯ ತಗೊಳ್ತಿರ್ಲಿಲ್ವಾ?"

ಜಟ್ಟಿಂಗಪ್ಪ ಗುಂಡಿ ಒತ್ತಿದ. ಟಿವಿ ಕಪ್ಪಾಯಿತು. ಮಂಜಯ್ಯ ನೆಲದ ಮೇಲೆ ಬಿದ್ದಲ್ಲೇ ಇದ್ದ, ಏಳುವುದರಿಂದ ಲಾಭವೇನೂ ಕಾಣಲಿಲ್ಲ.

ಕನ್ನಪ್ಪಗೌಡರು ನೀರಿನ ಚೊಂಬನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟರು. ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬೆತ್ತ ಊರಿ ಎದ್ದು ನಿಂತರು.

"ಈ ಸಲ ಕೇಳಿಸ್ತು ಬೀಗರೇ" ಎಂದರು. "ಅಕ್ಷರ ಅಕ್ಷರ ಕೇಳಿಸ್ತು. ಹುಡುಗಿ ಹಬ್ಬಕ್ಕೆ ಬರಲ್ಲ." ಹೊಸ್ತಿಲ ತನಕ ಹೋಗಿ ತಿರುಗಿದರು. "ಮತ್ತೆ ಈ ಕ್ಯಾಸೆಟ್ಟಿಂದು ನಂಗೊಂದು ಕಾಪಿ ಬೇಕು. ಮೇಳಿಗೆ ಪಂಚಾಯ್ತೀಲಿ ಹಾಕಿ ತೋರ್ಸ್ಬೇಕು."

ಮಂಜಯ್ಯ ನೆಲದಿಂದಲೇ ಕೈ ಎತ್ತಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಪರವಾಗಿ ಜಟ್ಟಿಂಗಪ್ಪನೇ ಮುಂದೆ ಬಂದು ಗೌಡರ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದ:

"ಅದಕ್ಕೆಂತ ಗೌಡ್ರೇ, ನಾಳೆಗೇ ಮಾಡ್ಕೊಡ್ತೀವಿ. ಶಬ್ದ ಇಳಿಸೋದು ಈಗ ಗೊತ್ತಾಯ್ತಲ್ಲ!"